ನಮ್ಮೂರ ಕೂಸಿನ ಮನೆಯ ಅಕ್ಕಂದಿರಿಗೆ

ನನ್ನ ಚಿಕ್ಕ ಮಗಳಿಗೆ ಮೂರು ತುಂಬಿತು. ಸೋಮವಾರದಿಂದ ಅಂಗನವಾಡಿಗೆ ಹೋಗುತ್ತಾಳೆ. ಇಷ್ಟು ದಿನ ಅವಳನ್ನು ನೋಡಿಕೊಂಡ ನಮ್ಮ ಪಂಚಾಯಿತಿಯ ಕೂಸಿನ ಮನೆಗೆ, ಅಂದರೆ ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳನ್ನು ಹಗಲು ನೋಡಿಕೊಳ್ಳುವ ಜಾಗಕ್ಕೆ, ನಾಲ್ಕು ಜನರ ಮುಂದೆ ಥ್ಯಾಂಕ್ಸ್ ಹೇಳಬೇಕು ಅನ್ನಿಸಿತು.

2023ರ ರಾಜ್ಯ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಇಂಥ ಮನೆ ತೆರೆಯುತ್ತೇವೆ ಅಂದಾಗ ನಾನು ನಂಬಿರಲಿಲ್ಲ. ಕೂಲಿಯವರ ಮಕ್ಕಳಿಗೆ ಹೊಂಗೆ ಮರಕ್ಕೆ ಕಟ್ಟಿದ ಸೀರೆಯೇ ತೊಟ್ಟಿಲು ಅಂತ ನೋಡಿಕೊಂಡು ಬೆಳೆದವಳು ನಾನು. ಇಲ್ಲಾಂದ್ರೆ ಮನೆಯ ದೊಡ್ಡ ಹುಡುಗಿ ಶಾಲೆ ಬಿಟ್ಟು ಕೂಸು ಎತ್ತಿಕೊಂಡು ಕೂರಬೇಕಿತ್ತು. ನಮ್ಮ ಕೇರಿಯಲ್ಲಿ ಹಾಗೆ ಶಾಲೆ ತಪ್ಪಿದವರು ಎಷ್ಟೋ ಜನ.

ನರೇಗಾದಲ್ಲಿ, ಅಂದರೆ ಸರ್ಕಾರದ ಉದ್ಯೋಗ ಖಾತರಿ ಕೆಲಸದಲ್ಲಿ, ಹಾಜರಿಗೆ ದಿನಕ್ಕೆ ಎರಡು ಸಲ ಫೋಟೊ ತೆಗೆಯುತ್ತಿದ್ದರು. ಮಗು ಅಳುತ್ತಿದೆ ಅಂತ ಮಧ್ಯದಲ್ಲೇ ಮನೆಗೆ ಓಡಿದರೆ ಎರಡನೇ ಫೋಟೊದಲ್ಲಿ ನಾವಿರುತ್ತಿರಲಿಲ್ಲ, ಕೂಲಿಗೆ ಕುತ್ತು. 2025-26ರ ಲೆಕ್ಕದಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಬಿಟ್ಟುಕೊಡೋಕಾಗುತ್ತಾ? ಮಗು ಕೂಸಿನ ಮನೆಯಲ್ಲಿದ್ದುದರಿಂದ ನಮ್ಮನೆಯವರು ಗಾರೆ ಕೆಲಸಕ್ಕೆ ಹೋದ ದಿನವೂ ನಾನು ಕೆರೆ ಹೂಳೆತ್ತಲು ಹೋದೆ. ಸಂಘದ ಸಾಲದ ಕಂತು ನನ್ನ ದುಡ್ಡಲ್ಲೇ ಕಟ್ಟಿದೆ. ಅತ್ತೆಗೂ ಮಂಡಿನೋವಿನಲ್ಲಿ ಮಗುವಿನ ಹಿಂದೆ ಓಡುವುದು ತಪ್ಪಿತು. ಮನೆಯಲ್ಲಿ ಜಗಳವೂ ಕಮ್ಮಿಯಾಯಿತು, ಹೇಳೋಕೆ ನಾಚಿಕೆಯೇನೂ ಇಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಮೊಬೈಲ್ ಕೊಡದಿದ್ದರೆ ನನ್ನ ಮಗಳು ಊಟಕ್ಕೆ ಬಾಯಿ ತೆರೆಯುತ್ತಿರಲಿಲ್ಲ. ಮೊದಲ ವಾರವೇ ಅಲ್ಲಿನ ಅಕ್ಕ, "ಫೋನು ನೀನೇ ಇಟ್ಕೋ ತಾಯಿ" ಅಂದುಬಿಟ್ಟರು. ಎದುರಿಗೆ ಇನ್ನೊಂದು ಮಗುವನ್ನು ಕೂರಿಸಿ, ಇಬ್ಬರಿಗೂ ಒಂದೊಂದು ಪುಟ್ಟ ಬಟ್ಟಲಲ್ಲಿ ರಾಗಿ ಸರಿ ಇಟ್ಟರು. ಎರಡು ದಿನ ಮುಟ್ಟಲಿಲ್ಲ. ಮೂರನೇ ದಿನ ಆ ಮಗುವಿನ ಬಟ್ಟಲಿಗೇ ಕೈ ಹಾಕಿದಳು! ಮುಖವೆಲ್ಲ ರಾಗಿ, ಆದರೂ ತಿಂದಳು. ಮನೆಯಲ್ಲೂ ಹಾಗೇ ಮಾಡಿದೆ. ಈಗ ಊಟದ ಹೊತ್ತಿಗೆ ಮೊಬೈಲ್ ಯಾರೂ ಕೇಳುವುದಿಲ್ಲ. ನಮ್ಮನೆಯವರು ಮಾತ್ರ ಕೇಳ್ತಾರೆ, ಬಿಡಿ.

ಒಂದು ವಿಷಯ ನನಗೆ ಒಪ್ಪಿಗೆಯಿಲ್ಲ. ಆರೈಕೆದಾರರ ಕೂಲಿಯೂ ನರೇಗಾದ್ದೇ ಆಗಿತ್ತು. ಒಂದು ಕುಟುಂಬಕ್ಕೆ ವರ್ಷದಲ್ಲಿ ಸಿಗುತ್ತಿದ್ದ ನೂರು ದಿನದ ಕೆಲಸ ಮುಗಿಯಿತೆಂದರೆ ಆ ಅಕ್ಕ ಹೋಗಿ ಬೇರೆಯವರು ಬರುತ್ತಿದ್ದರು. ಬಂದವರೆಲ್ಲ ಒಳ್ಳೆಯವರೇ. ಆದರೆ ಕೂಸಿಗೆ ಕೂಲಿಯ ಲೆಕ್ಕ ಗೊತ್ತಾಗುತ್ತಾ? ಹೊಂದಿಕೊಂಡ ಮಡಿಲೇ ಬೇಕು ಅದಕ್ಕೆ. ಚೆನ್ನಾಗಿ ನೋಡಿಕೊಳ್ಳುವವರನ್ನು ಅಲ್ಲೇ ಕಾಯಂ ಉಳಿಸಿ, ಸಂಬಳ ಕೊಡಬೇಕು. ಇದನ್ನು ಗ್ರಾಮಸಭೆಯಲ್ಲೂ ಹೇಳುತ್ತೇನೆ.

ಸರದಿಯಲ್ಲಿ ಬಂದ ಅಷ್ಟೂ ಅಕ್ಕಂದಿರಿಗೆ, ಹಾಲು ಕುಡಿಸಿ ಬರುತ್ತೇನೆ ಅಂದಾಗ ಮುಖ ಗಂಟಿಕ್ಕದ, ಕೆಲಸದ ಜಾಗದಲ್ಲಿ ಮೇಲ್ವಿಚಾರಣೆ ನೋಡುವ ನಮ್ಮ ಕಾಯಕ ಬಂಧುವಿಗೆ, ದಿನಾ ಸಂಜೆ ಮಗಳನ್ನು ಕರೆದುಕೊಂಡು ಬಂದ ಮೈದುನನಿಗೆ ನಮಸ್ಕಾರ. ಮಗಳಿಗೆ ಚಿಕ್ಕದಾದ ಬಟ್ಟೆಗಳನ್ನು ಒಗೆದು ಕೂಸಿನ ಮನೆಯಲ್ಲೇ ಕೊಟ್ಟಿದ್ದೇನೆ. ಬೇಕಾದವರು ಅಕ್ಕನ ಹತ್ತಿರ ಕೇಳಿ ತೆಗೆದುಕೊಳ್ಳಿ, ಸ್ವೆಟರ್ ಎರಡಿವೆ.