ಕಾವೇರಿಯ ಮೊದಲ ಅಕ್ಷರ

ಪ್ರೀತಿಯ ಮಗಳಿಗೆ ಅವ್ವನ ಆಶೀರ್ವಾದಗಳು.

ಫೋನಿನಲ್ಲಿ ಈ ವಿಷಯ ಎತ್ತಿದಾಗಲೆಲ್ಲ ನಿನ್ನ ಧ್ವನಿ ಏರುತ್ತದೆ, ನನಗೂ ಹೇಳಬೇಕಾದದ್ದು ಅರ್ಧಕ್ಕೇ ನಿಲ್ಲುತ್ತದೆ. ಆದ್ದರಿಂದ ಇವತ್ತು ಕಾಫಿ ಕೊಯ್ಲಿನವರು ಕೆಲಸ ಬಿಟ್ಟು ಹೋದ ಮೇಲೆ ಜಗಲಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ತುಲಾ ಸಂಕ್ರಮಣ ಕಳೆದ ಮೂರನೆಯ ದಿನ ಹುಟ್ಟಿದ ಕೂಸಿಗೆ ಕಾವೇರಿ ಎಂಬುದಲ್ಲದೆ ಬೇರೆ ಹೆಸರು ನಮಗೆ ಯಾರಿಗೂ ತೋಚಲಿಲ್ಲ. ನಾಮಕರಣದ ದಿನ ಅಳಿಯಂದಿರು ಹರಿವಾಣದ ಅಕ್ಕಿಯಲ್ಲಿ ಬೆರಳಿನಿಂದ ಹೆಸರು ಬರೆಯುವಾಗ ‘ವೇ’ ಅಕ್ಷರದ ದೀರ್ಘ ಅಂಚಿನವರೆಗೆ ಹೋಗಿ ಒಂದಿಷ್ಟು ಅಕ್ಕಿ ನೆಲಕ್ಕೆ ಚೆಲ್ಲಿತು. ನಿನ್ನ ಅತ್ತೆ ಅದನ್ನು ಕಾಳು ಕಾಳಾಗಿ ಆರಿಸಿ ಮತ್ತೆ ಹರಿವಾಣಕ್ಕೇ ಹಾಕಿದರು. ಆ ಮೂರು ಅಕ್ಷರಗಳ ಬಗ್ಗೆ ಯಾರದೂ ತಕರಾರಿರಲಿಲ್ಲ. ಜನನ ಪ್ರಮಾಣಪತ್ರಕ್ಕೆ ಅದೇ ಹೆಸರನ್ನು ಇಂಗ್ಲಿಷಿನಲ್ಲಿಯೂ ಬರೆದುಕೊಡಬೇಕು ಎಂದಾಗ ಮನೆ ಮೂರು ಪಾಲಾಯಿತು.

ನಿನಗೆ ‘ಕೆ’ಯಿಂದ ಆರಂಭವಾಗಿ ‘ಐ’ಯಲ್ಲಿ ಮುಗಿಯುವ ಹೆಸರು ಬೇಕು. ಅಳಿಯಂದಿರಿಗೆ ‘ಸಿ’ಯಿಂದ ಆರಂಭವಾಗಿ ‘ವೈ’ಯಲ್ಲಿ ಮುಗಿಯುವುದು ಬೇಕು. ಸಂಖ್ಯಾಶಾಸ್ತ್ರ ನೋಡುವವರೊಬ್ಬರು ಹೇಳಿದರೆಂದು ನಿನ್ನ ಅತ್ತೆ ‘ಕೆ’ಯ ಮುಂದೆ ಎರಡು ‘ಎ’ ಇರಲಿ ಎನ್ನುತ್ತಾರೆ. ಸಂಖ್ಯೆಗಳ ಲೆಕ್ಕದಲ್ಲಿ ನನಗೆ ನಂಬಿಕೆಯಿಲ್ಲ. ಆದರೂ ಅವರ ಮಾತನ್ನು ಅಷ್ಟಕ್ಕೇ ತಳ್ಳಿಹಾಕಬೇಡ, ಏಕೆಂದರೆ ಒಂದೇ ‘ಎ’ ಇದ್ದರೆ ನಮ್ಮ ಕಡೆಯವರಲ್ಲದವರು ‘ಕವೇರಿ’ ಎಂದು ಕರೆದಾರು. ತೊಡಕಿರುವುದು ಅದರ ಮುಂದಿನ ಅಕ್ಷರದಲ್ಲಿ: ‘ಕಾ’ದ ದೀರ್ಘಕ್ಕೆ ಎರಡು ‘ಎ’ ಹಾಕಿದಂತೆ ‘ವೇ’ಯ ದೀರ್ಘಕ್ಕೆ ಎರಡು ‘ಇ’ ಹಾಕಿದರೆ ಅದು ‘ಕಾವೀರಿ’ಯಾಗುತ್ತದೆ. ನಮ್ಮ ಹ್ರಸ್ವ ದೀರ್ಘಗಳನ್ನು ಆ ಲಿಪಿಯಲ್ಲಿ ಪೂರ್ತಿಯಾಗಿ ಹಿಡಿಯಲು ಸಾಧ್ಯವಿಲ್ಲದ ಮೇಲೆ ಅಲ್ಲಿ ಸರಿಯಾದ ಬರಹ ಒಂದೇ ಎಂದು ಹಟ ಹಿಡಿಯುವುದಕ್ಕೂ ಅರ್ಥವಿಲ್ಲ.

‘ಸಿ’ಯಿಂದ ಬರೆಯುವುದು ಗುಲಾಮಗಿರಿ ಎಂದು ನೀನು ಅಳಿಯಂದಿರಿಗೆ ಹೇಳಿದ್ದು ನನಗೆ ನೋವುಂಟುಮಾಡಿತು. 1834ರಲ್ಲಿ ಕೊಡಗು ಇಂಗ್ಲಿಷರ ಆಡಳಿತಕ್ಕೆ ಹೋದ ಮೇಲೆ ಅವರ ಕಾಗದಪತ್ರಗಳಲ್ಲಿ ಕೊಡಗು ‘ಕೂರ್ಗ್’ ಆಗಿ, ಮಡಿಕೇರಿ ‘ಮರ್ಕೆರಾ’ ಆಗಿ ಉಳಿದದ್ದು ನಿಜ. ಹೊಳೆಯ ಹೆಸರಿಗೆ ‘ಸಿ’ ಬಂದದ್ದೂ ಅದೇ ರೂಢಿಯಿಂದ, ಮತ್ತು 1990ರಲ್ಲಿ ರಚನೆಯಾದ ಜಲವಿವಾದ ನ್ಯಾಯಮಂಡಳಿಯ ಇಂಗ್ಲಿಷ್ ಹೆಸರಿನಲ್ಲಿಯೂ ಅದೇ ಬರಹವಿದೆ. ಆದರೆ 1949ರ ಜನವರಿ 15ರಂದು ಭಾರತೀಯ ಸೇನೆಯ ಮುಖ್ಯಸ್ಥರಾದ ನಮ್ಮ ಕಾರ್ಯಪ್ಪನವರೂ ಇಂಗ್ಲಿಷಿನಲ್ಲಿ ‘ಸಿ’ಯಿಂದಲೇ ತಮ್ಮ ಹೆಸರು ಬರೆಯುತ್ತಿದ್ದವರು. ಕನ್ನಡದಲ್ಲಿಯೇ ಅವರ ಹೆಸರನ್ನು ಕೆಲವರು ‘ಕಾರ್ಯಪ್ಪ’ ಎಂದೂ ಕೆಲವರು ‘ಕಾರಿಯಪ್ಪ’ ಎಂದೂ ಬರೆಯುತ್ತಾರೆ. ನಮ್ಮ ವಿರಾಜಪೇಟೆಯ ‘ವಿ’ಗೆ ದೀರ್ಘ ಬೇಕೋ ಬೇಡವೋ ಎಂಬುದು ಬೋರ್ಡಿನಿಂದ ಬೋರ್ಡಿಗೆ ಬದಲಾಗುತ್ತದೆ. ಅಳಿಯಂದಿರು ಹಿಡಿದುಕೊಂಡಿರುವುದು ಇಂಗ್ಲಿಷರ ಅಕ್ಷರವನ್ನಲ್ಲ, ತಮ್ಮನ್ನು ಸಾಕಿ ಬೆಳೆಸಿದ ಅಜ್ಜಿಯ ರುಜುವನ್ನು. ಆ ಅಜ್ಜಿ ತೋಟದ ಲೆಕ್ಕದ ಪುಸ್ತಕದಲ್ಲಿ ಪ್ರತಿ ಶನಿವಾರ ಹಾಗೆಯೇ ರುಜು ಹಾಕುತ್ತಿದ್ದರೆಂದು ಅವರು ನನ್ನ ಬಳಿ ಒಮ್ಮೆ ಹೇಳಿದ್ದುಂಟು. ನಿನಗೆ ಹೇಳಲು ಅವರಿಗೆ ಸಂಕೋಚವಾಗಿರಬೇಕು.

ಈ ಮಾತಿನಲ್ಲಿ ನಾನೇಕೆ ಇಷ್ಟು ತಲೆಹಾಕುತ್ತಿದ್ದೇನೆ ಎಂದು ನೀನು ಕೇಳಿದೆ. ನನ್ನ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎರಡು ‘ಇ’ ಹಾಕಿದ ಸೀತಮ್ಮ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ‘ಐ’ ಹಾಕಿದ ಸೀತಾ, ರೇಷನ್ ಕಾರ್ಡಿನಲ್ಲಿ ಮುಂದೊಂದು ಇನಿಶಿಯಲ್ ಬೇರೆ. ನಿನ್ನ ಅಪ್ಪ ತೀರಿಕೊಂಡ ವರ್ಷ ತೋಟದ ಖಾತೆ ನನ್ನ ಹೆಸರಿಗೆ ಮಾಡಿಸಲು ಹೋದಾಗ, ಈ ಮೂವರೂ ಒಬ್ಬಳೇ ಎಂಬುದಕ್ಕೆ ಏನು ದಾಖಲೆ ಎಂದು ಒಂದು ಕಚೇರಿಯಲ್ಲಿ ಕೇಳಿದರು. ಒಂದು ಕೈಯಲ್ಲಿ ಗಂಡನ ಮರಣ ಪ್ರಮಾಣಪತ್ರ ಹಿಡಿದುಕೊಂಡು, ನಾನು ನಾನೇ ಎಂದು ಛಾಪಾ ಕಾಗದದಲ್ಲಿ ಬರೆಸಿ ನೋಟರಿಯವರ ಮುಂದೆ ಸಹಿ ಹಾಕಿದ ಆ ದಿನ ಮಳೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದು ಇವತ್ತಿಗೂ ಮರೆತಿಲ್ಲ. ನನ್ನ ಹೆಸರನ್ನು ಯಾರೂ ಬೇಕೆಂದು ತಪ್ಪಾಗಿ ಬರೆದಿರಲಿಲ್ಲ. ಪ್ರತಿಯೊಬ್ಬರೂ ತಮಗೆ ಸರಿ ಕಂಡಂತೆ ಬರೆದಿದ್ದರು, ಕೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಈಗ ಕಾಲ ಇನ್ನೂ ಬಿಗಿಯಾಗಿದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಿಸುವುದರಿಂದ ಹಿಡಿದು ಮತದಾರರ ಪಟ್ಟಿ, ಚಾಲನಾ ಪರವಾನಗಿ, ಪಾಸ್‌ಪೋರ್ಟುಗಳವರೆಗೆ ಹುಟ್ಟಿದ ದಿನಕ್ಕೂ ಊರಿಗೂ ಜನನ ಪ್ರಮಾಣಪತ್ರವೇ ಆಧಾರ. ಅಲ್ಲಿ ಬಿದ್ದ ಅಕ್ಷರ ಕೂಸಿನ ಹಿಂದೆ ಕೊನೆಯವರೆಗೂ ಬರುತ್ತದೆ. ಹಾಗೆಂದು ನಾಳೆಯೇ ಓಡಬೇಕಾಗಿಲ್ಲ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕಿತ್ತು, ಅದು ಆಗಿದೆ; ಹೆಸರನ್ನು ಸೇರಿಸಲು ನೋಂದಣಿಯಾದ ದಿನದಿಂದ 12 ತಿಂಗಳವರೆಗೆ ಶುಲ್ಕವೂ ಇಲ್ಲ. ಅಂದರೆ ಮುಂದಿನ ತುಲಾ ಸಂಕ್ರಮಣದವರೆಗೂ ನಿಮಗೆ ಅವಕಾಶವಿದೆ. ಒಮ್ಮೆ ಬರೆಸಿದ ಮೇಲೆ ಮಾತ್ರ, ತಪ್ಪನ್ನು ತಿದ್ದಿಸಿಕೊಳ್ಳಲು ದಾರಿಯಿದ್ದರೂ, ಮನಸ್ಸು ಬದಲಾಯಿತೆಂದು ಹೋಗಿ ಕೇಳುವುದು ಸುಲಭವಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ‘ಕೆ’ಯಿಂದ ‘ಐ’ವರೆಗಿನ ಆರು ಅಕ್ಷರಗಳು ಸಾಕು. ಅಕ್ಷರ ಕಲಿಯುವ ಮಗು ಹೆಸರನ್ನು ಬಾಯಲ್ಲಿ ಹೇಳಿಕೊಳ್ಳುತ್ತ ತಾನೇ ಬರೆಯಬಲ್ಲುದು; ‘ಸಿ’ಯ ಬರಹವನ್ನು ಅದು ಬಾಯಿಪಾಠ ಮಾಡಬೇಕಾಗುತ್ತದೆ. ಆದರೆ ಇದನ್ನು ಅಳಿಯಂದಿರ ಬಳಿ ನೀನೊಬ್ಬಳೇ ಇರುವಾಗ ಹೇಳು, ಅತ್ತೆಯವರ ಮುಂದೆ ಬೇಡ. ಮೊದಲು ಆ ಲೆಕ್ಕದ ಪುಸ್ತಕವನ್ನು ತೋರಿಸಲು ಕೇಳು. ಅದನ್ನು ನೋಡಿದ ಮೇಲೂ ಅವರಿಗೆ ಅಜ್ಜಿಯ ಬರಹವೇ ಬೇಕೆನಿಸಿದರೆ ಒಪ್ಪಿಕೋ, ಆಮೇಲೆ ಲಸಿಕೆ ಕಾರ್ಡಿನಲ್ಲಿಯೂ ‘ಕೆ’ ಬರದಂತೆ ನೋಡಿಕೋ. ಮನೆತನದ ಹೆಸರನ್ನು ಪೂರ್ತಿ ಬರೆಸುವುದೋ ಇನಿಶಿಯಲ್ ಸಾಕೋ ಎಂಬುದನ್ನೂ ಅದೇ ದಿನ ತೀರ್ಮಾನಿಸಿಬಿಡಿ.

ಕಚೇರಿಯಲ್ಲಿ ಟೈಪ್ ಮಾಡಿದ ಮೇಲೆ ಮುದ್ರಿಸುವ ಮುನ್ನ ಒಂದೊಂದೇ ಅಕ್ಷರ ಓದಿ ನೋಡು. ಎಲ್ಲರ ಕಣ್ಣೂ ಇಂಗ್ಲಿಷಿನ ಸಾಲಿನ ಮೇಲೆಯೇ ಇರುವಾಗ ಕನ್ನಡದ ಸಾಲಿನಲ್ಲಿ ದೀರ್ಘ ಬಿಟ್ಟುಹೋಗಿ ‘ಕಾವೆರಿ’ ಆಗಿಬಿಡಬಹುದು. ಶಿವರಾತ್ರಿಗೆ ಬರುವಾಗ ಕೂಸಿಗೆ ಬೆಚ್ಚಗಿನ ಬಟ್ಟೆ ಹೆಚ್ಚು ತರಬೇಡ. ಹತ್ತಿಯ ಹೊದಿಕೆಯೊಂದನ್ನು ಹೊಲಿದಿಟ್ಟಿದ್ದೇನೆ, ಮೂಲೆಯಲ್ಲಿ ಹಸಿರು ನೂಲಿನಿಂದ ಅವಳ ಹೆಸರನ್ನು ಕನ್ನಡದಲ್ಲಿ ಹಾಕಿದ್ದೇನೆ.

ಇಂತಿ,
ನಿನ್ನ ಅವ್ವ
ಭಾಗಮಂಡಲ