ಸೆಟ್ ಅಂದ್ರೆ ಏನು ಅಂತ ಕೇಳಿದ್ದೆಯಲ್ಲ

ಆಕ್ಸ್‌ಫರ್ಡ್

ಪ್ರೀತಿಯ ಅಮ್ಮನಿಗೆ,

ನಿನ್ನ ಪತ್ರ ತಲುಪಿತು. ಅಪ್ಪನ ಮಂಡಿ ನೋವು ಕಡಿಮೆಯಾಗಿದೆ ಅಂತ ಓದಿ ನೆಮ್ಮದಿಯಾಯಿತು. ನಾನು ಇಲ್ಲಿ ಆರಾಮಾಗಿದ್ದೇನೆ. ಈ ವಾರ ನೈಟ್ ಡ್ಯೂಟಿ, ಹಗಲೆಲ್ಲ ನಿದ್ದೆ. ಬೇರೆ ಸಮಾಚಾರ ಏನೂ ಇಲ್ಲ.

ಇನ್ನು ನಿನ್ನ ಪ್ರಶ್ನೆಗೆ ಬರುತ್ತೇನೆ. ಗಾಂಧಿ ಬಜಾರಿನ ಇಂಗ್ಲಿಷ್ ಕ್ಲಾಸಿನಲ್ಲಿ 'ಸೆಟ್' ಅನ್ನೋ ಪದದ ಅರ್ಥ ಬರೆದುಕೊಂಡು ಬನ್ನಿ ಅಂದರು, ಡಿಕ್ಷನರಿ ತೆಗೆದರೆ ಮುಗಿಯೋದೇ ಇಲ್ಲ, ಈ ವಯಸ್ಸಿನಲ್ಲಿ ಇದೆಲ್ಲ ತಲೆಗೆ ಹತ್ತಲ್ಲ ಅಂತ ಬರೆದಿದ್ದೀಯ. ಅಮ್ಮ, ಹಾಗೆಲ್ಲ ಅಂದುಕೊಳ್ಳಬೇಡ. ಆ ಪದ ದೊಡ್ಡ ದೊಡ್ಡ ವಿದ್ವಾಂಸರಿಗೇ ಬೆವರಿಳಿಸಿದೆ. 1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇರುವುದು ಇದಕ್ಕೇ. ಬರೀ ಕ್ರಿಯಾಪದಕ್ಕೇ 430 ಅರ್ಥ. ಅದನ್ನು ಬಿಡಿಸಿ ಹೇಳೋದಕ್ಕೆ ಸುಮಾರು 60,000 ಪದ ಬೇಕಾಯಿತು.

ಆ ನಿಘಂಟಿಗಾಗಿ ಜೀವ ತೇದ ಜೇಮ್ಸ್ ಮರ್ರೆ ಅವರ ಮನೆ ಇದೇ ಊರಿನಲ್ಲಿದೆ, ಬ್ಯಾನ್ಬರಿ ರಸ್ತೆ 78ನೇ ನಂಬರು. ಹಿತ್ತಲಲ್ಲಿ ತಗಡಿನ ಶೆಡ್ ಹಾಕಿಸಿಕೊಂಡು ಅಲ್ಲೇ ಕೂತು ಕೆಲಸ ಮಾಡುತ್ತಿದ್ದರಂತೆ. ಊರೂರಿನ ಓದುಗರು ಪುಸ್ತಕಗಳಿಂದ ವಾಕ್ಯ ಆರಿಸಿ, ಚೀಟಿಯಲ್ಲಿ ಬರೆದು ಕಳಿಸುತ್ತಿದ್ದರು. ಟಪಾಲು ಎಷ್ಟಿತ್ತು ಅಂದರೆ, ಅಂಚೆಯವರು ಅವರ ಮನೆ ಮುಂದೆಯೇ ಒಂದು ಕೆಂಪು ಡಬ್ಬ ನಿಲ್ಲಿಸಿಕೊಟ್ಟರು. ಅದು ಈಗಲೂ ಅಲ್ಲೇ ಇದೆ. ಈ ಪತ್ರವನ್ನೂ ಅದಕ್ಕೇ ಹಾಕುತ್ತೇನೆ. ಮರ್ರೆ 1915ರಲ್ಲಿ ತೀರಿಕೊಂಡರು. ಮೊದಲ ಆವೃತ್ತಿ ಪೂರ್ತಿಯಾಗಿದ್ದು 1928ರಲ್ಲಿ. ಅಷ್ಟು ಜನ ಅಷ್ಟು ವರ್ಷ ಹೆಣಗಿ ಕೂಡಿಹಾಕಿದ್ದನ್ನು ನೀನು ಮುಂದಿನ ಕ್ಲಾಸಿನೊಳಗೆ ಬಾಯಿಪಾಠ ಮಾಡಬೇಕಾಗಿಲ್ಲ.

ಬಾಯಿಪಾಠದ ಬದಲು ಒಂದು ಕೀಲಿ ಹೇಳಿಕೊಡುತ್ತೇನೆ. 'ಸಿಟ್' ಅಂದರೆ ಕೂರು. 'ಸೆಟ್' ಹುಟ್ಟಿದಾಗ ಅದರ ಅರ್ಥ ಕೂರಿಸು, ಅಷ್ಟೇ. ಈಗ ನಮ್ಮ 'ಕೂರಿಸು' ಏನೇನು ಕೆಲಸ ಮಾಡುತ್ತೆ ನೋಡು. ಬೀದಿ ಹುಡುಗರು ಗಣಪತಿ ಕೂರಿಸುತ್ತಾರೆ. ನೀನು ನವರಾತ್ರಿಗೆ ಬೊಂಬೆ ಕೂರಿಸುತ್ತೀಯ. ಅಕ್ಕಸಾಲಿ ಉಂಗುರಕ್ಕೆ ಕಲ್ಲು ಕೂರಿಸುತ್ತಾನೆ. ಉಂಗುರಕ್ಕೆ ಕಲ್ಲು ಕೂರಿಸೋದಕ್ಕೆ ಇಲ್ಲಿಯೂ ಸೆಟ್ ಅಂತಲೇ ಹೇಳುತ್ತಾರೆ. ಮುರಿದ ಮೂಳೆಯನ್ನು ಜಾಗಕ್ಕೆ ಕೂರಿಸುವುದೂ ಸೆಟ್. ಅಲಾರಾಂ ಮುಳ್ಳನ್ನು ಐದು ಗಂಟೆಗೆ ಕೂರಿಸಿದರೆ ಅದೂ ಸೆಟ್. ಊಟದ ಮೇಜಿನ ಮೇಲೆ ತಟ್ಟೆ ಲೋಟ ಜೋಡಿಸುವುದು, ಮೇಷ್ಟ್ರು ಪ್ರಶ್ನೆಪತ್ರಿಕೆ ತಯಾರು ಮಾಡುವುದು, ಎಲ್ಲ ಆ ಬುಡದಿಂದಲೇ ಚಿಗುರಿದ್ದು. ಸಿಮೆಂಟು ಗಟ್ಟಿಯಾದರೆ, ಮೊಸರು ಹೆಪ್ಪುಗಟ್ಟಿದರೆ ಅದು ತಾನಾಗಿಯೇ ಕೂತ ಹಾಗೆ. ಸೂರ್ಯ ಮುಳುಗುವುದಕ್ಕೂ ಇದೇ ಪದ. ಇಲ್ಲಿ ಜೂನ್‌ನಲ್ಲಿ ಅವನು ಮುಳುಗುವಾಗ ರಾತ್ರಿ 9 ಗಂಟೆ ದಾಟಿರುತ್ತೆ!

ಟೀ ಸೆಟ್, ಒಡವೆ ಸೆಟ್ ಇವೆಯಲ್ಲ, ಅವುಗಳ ವಂಶ ಬೇರೆ. ಗುಂಪು ಅನ್ನುವ ಅರ್ಥದ ಸೆಟ್ ಫ್ರೆಂಚ್ ಮೂಲಕ ಲ್ಯಾಟಿನ್‌ನಿಂದ ಬಂದದ್ದು. ಎರಡೂ ಕಾಲಕ್ರಮದಲ್ಲಿ ಬೆರೆತುಹೋದವು. ಶಾಲೆಯ ಗಣಿತದಲ್ಲಿ ಗಣ ಅಂತ ಕಲಿತೆವಲ್ಲ, ಅದೂ ಈ ಎರಡನೇ ಸೆಟ್ಟೇ. ಅಪ್ಪನಿಗೆ ಇಷ್ಟವಾದ ಸೆಟ್ ದೋಸೆಯೂ ಈ ಕಡೆಯದೇ, ಒಂದೇ ತಟ್ಟೆಯಲ್ಲಿ ಎರಡೋ ಮೂರೋ ಮೆತ್ತನೆ ದೋಸೆ.

ನನ್ನ ವಾರ್ಡಿನಲ್ಲಂತೂ ಇಡೀ ರಾತ್ರಿ ಈ ಪದ ಕಿವಿಗೆ ಬೀಳುತ್ತಿರುತ್ತೆ. ಒಂದು ಸೆಟ್ ಆಬ್ಸ್ ಮಾಡು ಅಂದರೆ ಬಿಪಿ, ನಾಡಿ, ಜ್ವರ, ಉಸಿರಾಟ, ಆಕ್ಸಿಜನ್ ಎಲ್ಲ ಒಂದು ಸುತ್ತು ನೋಡಿ ಬರೆದಿಡು ಅಂತ. ಡ್ರಿಪ್ ಹಾಕುವ ಟ್ಯೂಬಿಗೆ ಗಿವಿಂಗ್ ಸೆಟ್ ಅನ್ನುತ್ತಾರೆ. ಸೋಂಕು ಶುರುವಾಗಿ ನೆಲೆಯೂರಿದರೆ 'ಸೆಟ್ ಇನ್'. ಚೇತರಿಸಿಕೊಳ್ಳುತ್ತಿದ್ದವರಿಗೆ ಮತ್ತೆ ಹಿನ್ನಡೆಯಾದರೆ 'ಸೆಟ್‌ಬ್ಯಾಕ್'. ವಯಸ್ಸಾದ ಒಬ್ಬರು ಇದ್ದಾರೆ, ಟೀಗೆ ಹಾಲು ಮೊದಲು ಹಾಕಲೇಬೇಕು, ಕಿಟಕಿ ಒಂದು ಗೇಣು ತೆರೆದಿರಲೇಬೇಕು. ಅವರ ಬಗ್ಗೆ 'ಸೆಟ್ ಇನ್ ಹಿಸ್ ವೇಸ್' ಅನ್ನುತ್ತಾರೆ, ಅಭ್ಯಾಸ ಬದಲಾಯಿಸಲ್ಲ ಅಂತ. ಮೊನ್ನೆ ಮನೆಗೆ ಹೊರಟವರೊಬ್ಬರು ಕೋಟು ಹಾಕಿಕೊಂಡು, ಚೀಲ ತೊಡೆಯ ಮೇಲಿಟ್ಟುಕೊಂಡು 'ಆಲ್ ಸೆಟ್' ಅಂದರು. ತಯಾರಾಗಿದ್ದೇನೆ ಅಂತ. ಇವನ್ನೆಲ್ಲ ಯಾರೂ ಡಿಕ್ಷನರಿಯಿಂದ ಕಲಿತಿಲ್ಲ. ಎದುರಿಗೆ ಮನುಷ್ಯ ಇದ್ದ, ಕೆಲಸ ನಡೀತಾ ಇತ್ತು, ಅರ್ಥ ಆಯಿತು.

ನಿನಗೆ ಕಷ್ಟ ಕೊಡೋದು ಅದರ ಬೆನ್ನಿಗೆ ಬರುವ ಪುಟ್ಟ ಪದಗಳು. 'ಸೆಟ್ ಆಫ್' ಅಂದರೆ ಹೊರಡುವುದೂ ಹೌದು, ಬ್ರೆಡ್ ಸೀದ ಹೊಗೆಗೆ ಅಲಾರಾಂ ಹೊಡೆದುಕೊಳ್ಳುವ ಹಾಗೆ ಮಾಡುವುದೂ ಹೌದು. 'ಸೆಟ್ ಅಪ್' ಅಂದರೆ ಅಂಗಡಿ, ಕಂಪನಿ ಹೂಡುವುದು. 'ಸೆಟ್ ಅಸೈಡ್' ಅಂದರೆ ತೆಗೆದಿಡುವುದು. ಇವನ್ನು ಬಿಡಿ ಬಿಡಿಯಾಗಿ ಒಡೆಯಬೇಡ. ಜೋಡಿಯಾಗಿಯೇ, ಒಂದೊಂದು ವಾಕ್ಯದ ಜೊತೆ ಕಲಿ. ಸಂತೋಷದ ವಿಷಯ ಒಂದಿದೆ: ಇದರ ರೂಪ ಬದಲಾಗಲ್ಲ. ನಿನ್ನೆಯೂ ಸೆಟ್, ಇವತ್ತೂ ಸೆಟ್.

ಒಂದು ವಿಷಯ ಮಾತ್ರ ನೆನಪಿಡು. ನಮ್ಮ ಬೆಂಗಳೂರಿನಲ್ಲಿ 'ಆ ಮನೆ ನಮಗೆ ಸೆಟ್ ಆಗಲ್ಲ', 'ಅವರಿಬ್ಬರಿಗೂ ಸೆಟ್ ಆಗಲ್ಲ' ಅನ್ನುತ್ತೇವಲ್ಲ, ಅದು ನಾವೇ ಮಾಡಿಕೊಂಡ ಬಳಕೆ. ಕನ್ನಡದಲ್ಲಿ ಚೆನ್ನಾಗಿ ಹೊಂದಿಕೊಂಡಿದೆ, ನನಗೂ ಇಷ್ಟ. ಆದರೆ ಇಂಗ್ಲಿಷ್ ಮಾತಾಡುವಾಗ ಅಲ್ಲಿ 'ಸೂಟ್' ಅನ್ನು, ಇಲ್ಲದಿದ್ದರೆ ಇಲ್ಲಿನವರಿಗೆ ತಿಳಿಯಲ್ಲ.

ಪಕ್ಕದ ಮನೆಯ ಬಿಹಾರದ ಸೊಸೆಗೆ ನೀನು 'ಹೊಡಿ' ಕಲಿಸಿದ್ದು ನೆನಪಿದೆಯಾ? ಬಣ್ಣ ಹೊಡಿ, ಮೊಳೆ ಹೊಡಿ, ಹರಟೆ ಹೊಡಿ, ನಿದ್ದೆ ಹೊಡಿ, ವಾಸನೆ ಹೊಡಿಯುತ್ತೆ. ಒಂದೊಂದನ್ನೂ ಮಾಡಿ ತೋರಿಸಿದ್ದೆ. ಅವಳು ಈಗ ತರಕಾರಿಯವನ ಹತ್ತಿರ ಚೌಕಾಶಿ ಮಾಡುತ್ತಾಳೆ ಅಂತ ನೀನೇ ಬರೆದಿದ್ದೆ. ಅಷ್ಟು ಚೆನ್ನಾಗಿ ಕಲಿಸಬಲ್ಲವಳಿಗೆ ಕಲಿಯೋದು ಕಷ್ಟವಾಗಲ್ಲ.

ಕ್ಲಾಸಿಗೆ ಹತ್ತು ವಾಕ್ಯ ಬರೆದುಕೊಂಡು ಹೋಗು. ಎಲ್ಲ ನಮ್ಮ ಮನೆಯದೇ ಇರಲಿ: ಮೊಸರು, ಅಲಾರಾಂ, ಬೊಂಬೆ, ಕಲ್ಲಿನ ಉಂಗುರ. ಬರೆದದ್ದನ್ನು ಫೋಟೋ ತೆಗೆದು ನನಗೂ ಕಳಿಸು, ನೋಡಿ ಹೇಳುತ್ತೇನೆ. ಮುಂದೆ ಅವರು 'ರನ್' ಕೊಟ್ಟರೆ ತಕ್ಷಣ ತಿಳಿಸು. 2011ರ ಹೊತ್ತಿಗೆ ಅದು ಸೆಟ್ಟನ್ನೂ ಮೀರಿಸಿತ್ತು, 645 ಅರ್ಥ. ಅದಕ್ಕೆ ಒಂದು ಪತ್ರ ಸಾಲದು, ಭಾನುವಾರ ಫೋನಿನಲ್ಲಿ ಕೂತು ಮಾತಾಡೋಣ.

ಅಪ್ಪನಿಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ ಪ್ರೀತಿಯ ಮಗಳು