ವೆಂಬ್ಲಿಯಲ್ಲಿ ಎಸಿ/ಡಿಸಿ ನೋಡಿ ಬಂದೆ, ಅಪ್ಪ

ಲೆಸ್ಟರ್
10 ಜುಲೈ 2024

ತೀರ್ಥರೂಪು ಅಪ್ಪನಿಗೆ, ಪ್ರೀತಿಯ ಆಯಿಗೆ ನಿಮ್ಮ ಮಗಳ ನಮಸ್ಕಾರಗಳು.

ಇಲ್ಲಿ ನಾನು ಆರಾಮಾಗಿದ್ದೇನೆ. ಹೊನ್ನಾವರದ ಕಡೆ ಮಳೆ ಬಿಡುವೇ ಕೊಡುತ್ತಿಲ್ಲ, ತೋಟಕ್ಕೆ ಕೊಳೆ ಮದ್ದು ಹೊಡೆಸಲು ಆಗುತ್ತಿಲ್ಲ ಅಂತ ತಮ್ಮ ಹೇಳಿದ. ಆಯಿ, ಅಪ್ಪೆಮಿಡಿ ಉಪ್ಪಿನಕಾಯಿ ಬಂದು ಮುಟ್ಟಿತು. ಎಣ್ಣೆ ಒಂಚೂರೂ ಸೋರಿಲ್ಲ.

ಭಾನುವಾರ ರಾತ್ರಿ ಲಂಡನ್ನಿನ ವೆಂಬ್ಲಿ ಸ್ಟೇಡಿಯಂಗೆ ಹೋಗಿ ಎಸಿ/ಡಿಸಿ ಅನ್ನೋ ರಾಕ್ ಬ್ಯಾಂಡಿನ ಕಾರ್ಯಕ್ರಮ ನೋಡಿ ಬಂದೆ. ಫೋನಿನಲ್ಲಿ ಹೇಳಿದಾಗ ಅಪ್ಪ ಕೇಳಿದಿರಿ, "ಎಪ್ಪತ್ತಾರು ವರ್ಷದವರು ಹಾಡ್ತಾರೆ ಅಂತೀಯಲ್ಲ, ಆ ವಯಸ್ಸಲ್ಲಿ ಏನು ಹಾಡ್ತಾರೆ?" ಅಂತ. ಅದಕ್ಕೆ ಎರಡು ಮಾತಿನಲ್ಲಿ ಉತ್ತರ ಹೇಳಲು ಮನಸ್ಸಾಗಲಿಲ್ಲ. ಕೂತು ಬರೆಯುತ್ತಿದ್ದೇನೆ.

ನಮ್ಮ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ಒಬ್ಬರು ಹಿರಿಯರು ಇದ್ದಾರೆ, ಮುಂದಿನ ವರ್ಷ ನಿವೃತ್ತಿ. ಹುಡುಗನಾಗಿದ್ದಾಗಿಂದ ಈ ಬ್ಯಾಂಡ್ ಅಂದರೆ ಅವರಿಗೆ ಜೀವ. ಅವರ ಮಗನಿಗೆ ಬರಲು ಆಗಲಿಲ್ಲ, ಉಳಿದ ಟಿಕೆಟ್ ನನಗೆ ಸಿಕ್ಕಿತು. ಈಲಿಂಗ್ ರೋಡಿನಲ್ಲಿ ದೋಸೆ ತಿಂದು ಸ್ಟೇಡಿಯಂಗೆ ನಡೆದೆವು. 90,000 ಜನ ಹಿಡಿಸುವ ಜಾಗ ಅದು. ದಾರಿ ತುಂಬ ತಲೆಯ ಮೇಲೆ ಕೆಂಪು ದೀಪದ ಕೊಂಬು ಸಿಕ್ಕಿಸಿಕೊಂಡ ಜನ. ಅಜ್ಜ, ಮಗ, ಮೊಮ್ಮಗ ಮೂವರೂ ಒಂದೇ ನಮೂನೆಯ ಕಪ್ಪು ಅಂಗಿ ತೊಟ್ಟು ಬಂದಿದ್ದನ್ನೂ ನೋಡಿದೆ.

ಈ ಬ್ಯಾಂಡಿನ ಕಥೆ ನಿಮಗೆ ಹಿಡಿಸುತ್ತದೆ ಅಪ್ಪ. ಇದು ಮನೆತನದ ಮೇಳ. ಯಂಗ್ ಅನ್ನೋ ಕುಟುಂಬ ಸ್ಕಾಟ್ಲೆಂಡಿನ ಗ್ಲಾಸ್ಗೋ ಬಿಟ್ಟು 1963ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಗೆ ಹೋಯಿತು. ಆ ಮನೆಯ ಮಾಲ್ಕಮ್, ಆಂಗಸ್ ಅನ್ನೋ ಅಣ್ಣ ತಮ್ಮ 1973ರಲ್ಲಿ ಬ್ಯಾಂಡ್ ಕಟ್ಟಿದರು. ಇನ್ನೊಬ್ಬ ಅಣ್ಣ ಜಾರ್ಜ್ ಶುರುವಿನ ರೆಕಾರ್ಡುಗಳನ್ನು ಮಾಡಿಸಿಕೊಟ್ಟರು. ಆಯಿ, ಹೆಸರು ಸಿಕ್ಕಿದ್ದು ಅಕ್ಕ ಮಾರ್ಗರೆಟ್‌ಗೆ, ಹೊಲಿಗೆ ಯಂತ್ರದ ಮೇಲೆ ಬರೆದಿದ್ದನ್ನು ನೋಡಿ. ಆಂಗಸ್ ಶಾಲೆಯ ಸಮವಸ್ತ್ರ ಹಾಕಿಕೊಂಡೇ ಗಿಟಾರ್ ಬಾರಿಸಲಿ ಅಂದಿದ್ದೂ ಅವರೇ. ಚಡ್ಡಿ, ಕೋಟು, ಟೈ, ಟೊಪ್ಪಿ. ಆ ವೇಷ ಇವತ್ತಿಗೂ ಬಿಟ್ಟಿಲ್ಲ. ಆಂಗಸ್‌ಗೆ ಈಗ 69 ವರ್ಷ.

ಅವರು ವೇದಿಕೆಗೆ ಬಂದಾಗ ಇನ್ನೂ ಹಗಲು ಬೆಳಕಿತ್ತು. ಕೂದಲು ಪೂರಾ ಬೆಳ್ಳಗೆ, ಆಳು ಸಣ್ಣ, ಚಡ್ಡಿಯ ಕೆಳಗೆ ಕಡ್ಡಿಯಂಥ ಕಾಲು. ಮೊದಲ ಪೆಟ್ಟು ಗಿಟಾರಿನ ಮೇಲೆ ಬಿದ್ದ ಕೂಡಲೇ ಎದೆಯೊಳಗೆ ಸದ್ದು ನುಗ್ಗಿತು. ಕಿವಿಗೆ ಬಿರಡೆ ಹಾಕಿಕೊಂಡಿದ್ದೆ, ಹೆದರಬೇಡಿ.

ಬ್ರಯಾನ್ ಜಾನ್ಸನ್ ಅಂತ ಹಾಡುವವರು. 76 ವರ್ಷದವರು ಅಂದೆನಲ್ಲ, ಅವರೇ. ಅವರು ಬ್ಯಾಂಡಿಗೆ ಬಂದಿದ್ದು ಒಂದು ಸಾವಿನ ಬೆನ್ನಿಗೆ. ಮೊದಲಿದ್ದ ಗಾಯಕ ಬಾನ್ ಸ್ಕಾಟ್ 1980ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲೇ ತೀರಿಕೊಂಡರು. ಎಲ್ಲ ಮುಗಿಯಿತು ಅಂದುಕೊಂಡಿದ್ದರಂತೆ. ಆದರೂ ಅದೇ ಜುಲೈಗೆ ಹೊಸ ಆಲ್ಬಮ್ ತಂದರು. ಸ್ಕಾಟ್ ನೆನಪಿಗೆ ಅಂತ ಅದರ ಹೊದಿಕೆ ಪೂರಾ ಕಪ್ಪು, ಮೊದಲ ಹಾಡು ಶುರುವಾಗುವುದು ಗಂಟೆಯ ಸದ್ದಿನಿಂದ. ಆ ಗಂಟೆ ಎರಕ ಹೊಯ್ದಿದ್ದು ಎಲ್ಲಿ ಗೊತ್ತಾ? ಲಫ್‌ಬರೋದಲ್ಲಿ. ನಮ್ಮ ಲೆಸ್ಟರಿನಿಂದ ರೈಲಿನಲ್ಲಿ ಸುಮ್ನೆ ಹತ್ತಿ ಇಳಿಯುವಷ್ಟು ದೂರ. ಇಗರ್ಜಿಗಳಿಗೆ ಗಂಟೆ ಮಾಡಿಕೊಡುವ ಹಳೆಯ ಕಾರ್ಖಾನೆ ಅಲ್ಲಿದೆ. ವೆಂಬ್ಲಿಯಲ್ಲಿ ವೇದಿಕೆಯ ಮೇಲಿಂದ ದೊಡ್ಡ ಗಂಟೆ ಇಳಿದು ಬಂತು, ಢಣ್ ಅಂತ ನಿಧಾನಕ್ಕೆ ಬಾರಿಸತೊಡಗಿತು. ಅಷ್ಟೊತ್ತು ಕುಣಿಯುತ್ತಿದ್ದ ನಮ್ಮ ಹಿರಿಯರು ಅಲುಗಾಡದೆ ನಿಂತುಬಿಟ್ಟರು. ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಮಾತಾಡಿಸಲಿಲ್ಲ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬ್ರಯಾನ್ ಅವರ ದನಿ ಮೊದಲಿನ ಹಾಗಿಲ್ಲ. ಯೂಟ್ಯೂಬಿನಲ್ಲಿ ಹಳೆಯದು ಕೇಳಿಕೊಂಡೇ ಹೋಗಿದ್ದೆ, ವ್ಯತ್ಯಾಸ ತಕ್ಷಣ ತಿಳಿಯಿತು. ಮೇಲಿನ ಸ್ವರದಲ್ಲಿ ದನಿ ಒಡೆಯುತ್ತದೆ. 2016ರಲ್ಲಿ ಇವರಿಗೆ ಕಿವಿಯ ತೊಂದರೆ ಎಷ್ಟು ಹೆಚ್ಚಾಯಿತೆಂದರೆ, ಇನ್ನೂ ಹಾಡಿದರೆ ಪೂರ್ತಿ ಕಿವುಡಾಗಬಹುದು ಅಂತ ವೈದ್ಯರು ಹೇಳಿದರು. ಅರ್ಧಕ್ಕೇ ಪ್ರವಾಸ ಬಿಡಬೇಕಾಯಿತು, ಉಳಿದ ಕಡೆಯೆಲ್ಲ ಗನ್ಸ್ ಎನ್ ರೋಸಸ್ ಬ್ಯಾಂಡಿನ ಆಕ್ಸಲ್ ರೋಸ್ ಹಾಡಿದರು. ಆಮೇಲೆ ಹೊಸ ಬಗೆಯ ಕಿವಿಯ ಸಾಧನ ಸಿಕ್ಕಿ ಬ್ರಯಾನ್ ವಾಪಸ್ ಬಂದರು. ಅಂಥವರು ಕಣ್ಣೆದುರು ನಿಂತು, ತಲೆಗೆ ಅದೇ ಚಪ್ಪಟೆ ಟೊಪ್ಪಿ ಇಟ್ಟು, ಎರಡು ಗಂಟೆಗೂ ಜಾಸ್ತಿ ಹಾಡಿದರು. ಎತ್ತರದ ಸಾಲು ಬಂದಾಗ ಮೈಕನ್ನು ಜನರ ಕಡೆ ತಿರುಗಿಸುತ್ತಿದ್ದರು. ಇಡೀ ಸ್ಟೇಡಿಯಂ ಆ ಸಾಲನ್ನು ಎತ್ತಿಕೊಳ್ಳುತ್ತಿತ್ತು. ಅದರಿಂದ ಹಾಡು ಕಮ್ಮಿಯಾಯಿತು ಅಂತ ನನಗೆ ಒಂದು ಕ್ಷಣವೂ ಅನಿಸಲಿಲ್ಲ.

ನಮ್ಮ ಯಕ್ಷಗಾನದ ಚಿಟ್ಟಾಣಿಯವರ ನೆನಪಾಯಿತು. ನೀವು ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ತೋರಿಸಿದ್ದು ಅಬ್ಬರದ ಚಿಟ್ಟಾಣಿ. ಆಮೇಲೆ ನಾನು ದೊಡ್ಡವಳಾದ ಮೇಲೆ, ಅವರಿಗೆ ಪದ್ಮಶ್ರೀ ಬಂದ 2012ರ ಆಸುಪಾಸಿನಲ್ಲಿ, ಎಂಬತ್ತರ ಹತ್ತಿರ ಇದ್ದಾಗ ಇನ್ನೊಮ್ಮೆ ನೋಡಿದೆವಲ್ಲ, ಅದೇ ನನಗೆ ಹೆಚ್ಚು ಕಣ್ಣಿಗೆ ಕಟ್ಟಿದ್ದು. ಗಿರಕಿ ಕಮ್ಮಿಯಾಗಿತ್ತು. ಆದರೆ ಬರೀ ಹುಬ್ಬು ಎತ್ತಿ ಒಂದು ಹೆಜ್ಜೆ ಮುಂದೆ ಇಟ್ಟರೆ ಸಾಕು, ಕೂತ ಜನ ಹೋ ಅಂತ ಏಳುತ್ತಿದ್ದರು. ಆಂಗಸ್ ಮಾಡಿದ್ದೂ ಅದನ್ನೇ.

ಕೊನೆಗೆ ಬಂತು ಅವರೊಬ್ಬರದೇ ಗಿಟಾರ್. ಬ್ಯಾಂಡಿನವರೆಲ್ಲ ಹಿಂದೆ ಸರಿದರು. ಕೊರಳಿನ ಟೈ ಬಿಚ್ಚಿ ತಂತಿಯ ಮೇಲೆ ಕಮಾನಿನ ಹಾಗೆ ಉಜ್ಜಿದರು. ಎಡಗೈಯೊಂದರಲ್ಲೇ ನುಡಿಸುತ್ತಾ ಬಲಗೈ ಎತ್ತಿ ಜನರನ್ನು ಕೂಗಿಸಿದರು. ಎತ್ತರದ ಕಟ್ಟೆಯ ಮೇಲೆ ಅಂಗಾತ ಬಿದ್ದು, ಕಾಲು ಒದೆಯುತ್ತಾ, ಗಿಟಾರ್ ಬಿಡದೆ ಸುತ್ತಿದರು. ನನ್ನ ಕಸುಬೇ ಜನರ ಮಂಡಿ, ಸೊಂಟ, ಭುಜ ನೋಡುವುದು ಅಲ್ವಾ? ದೊಡ್ಡ ಪರದೆಯಲ್ಲಿ ಅವರ ಮಂಡಿಯನ್ನೇ ನೋಡುತ್ತಿದ್ದೆ. ಏಳುವಾಗ ಅವಸರ ಮಾಡಲಿಲ್ಲ. ಮೊದಲು ಪಕ್ಕಕ್ಕೆ ಹೊರಳಿದರು, ಒಂದು ಕಾಲು ಊರಿದರು, ಆಮೇಲೆ ಎದ್ದರು. ಅಷ್ಟು ಹೊತ್ತೂ ಬೆರಳು ತಂತಿಯ ಮೇಲೇ ಓಡುತ್ತಿತ್ತು. ನನ್ನ ಹತ್ತಿರ ಬರುವ ಎಷ್ಟೋ ಹಿರಿಯರಿಗೆ ದಿನವೂ ಕಲಿಸುವುದು ಇದನ್ನೇ.

ಆದರೆ ನನ್ನ ಕಣ್ಣು ಜಾಸ್ತಿ ಹೊತ್ತು ನಿಂತಿದ್ದು ಹಿಂದೆ ನಿಂತಿದ್ದ ಇನ್ನೊಬ್ಬರ ಮೇಲೆ. ಮೊದಲು ಈ ಬ್ಯಾಂಡಿನ ಹಿಮ್ಮೇಳದ ಜೀವವಾಗಿದ್ದವರು ಅಣ್ಣ ಮಾಲ್ಕಮ್. ಮುಂದೆ ಬಂದು ಮೆರೆಯುವವರಲ್ಲ. ತಾಳ ಬಿಡದೆ ಗಿಟಾರ್ ಹೊಡೆಯುವುದು, ಅಷ್ಟೇ. ಅವರಿಗೆ ಮರೆವಿನ ಕಾಯಿಲೆ ಬಂದು 2014ರಲ್ಲಿ ಬಿಡಬೇಕಾಯಿತು. 2017ರ ನವೆಂಬರಿನಲ್ಲಿ ಹೋದರು. ಅವರ ಜಾಗಕ್ಕೆ ಬಂದ ಸ್ಟೀವಿ ಯಂಗ್ ಇವರ ಮತ್ತೊಬ್ಬ ಅಣ್ಣನ ಮಗ. ಚಿಕ್ಕಪ್ಪ ಆಂಗಸ್‌ಗಿಂತ ಎರಡು ವರ್ಷವೂ ಚಿಕ್ಕವರಲ್ಲ. ಇಡೀ ರಾತ್ರಿ ಸ್ಪೀಕರ್ ಗೋಡೆಯ ಎದುರು ಒಂದೇ ಕಡೆ ನಿಂತಿದ್ದರು. ಸೊಲ್ಲು ಹಾಡುವಾಗ ಮಾತ್ರ ನಾಲ್ಕು ಹೆಜ್ಜೆ ಮುಂದೆ ಬಂದು, ಮುಗಿದ ತಕ್ಷಣ ಮತ್ತೆ ಅದೇ ಜಾಗಕ್ಕೆ. ಆಂಗಸ್ ಎಲ್ಲಿಗೆ ಓಡಿದರೂ, ಎಷ್ಟು ಹೊತ್ತು ಹೊರಳಾಡಿದರೂ, ವಾಪಸ್ ಬಂದಾಗ ತಾಳ ಅಲ್ಲೇ ಕಾಯುತ್ತಿರುತ್ತಿತ್ತು. ನೀವು ಸಂಘದ ಆಟಕ್ಕೆ ಮದ್ದಳೆಗೆ ಕೂರುತ್ತಿದ್ದಿರಲ್ಲ, ಆಗ ನಿಮ್ಮ ಮುಖ ಇರುತ್ತಿದ್ದುದು ಥೇಟ್ ಹಾಗೇ. ಕಣ್ಣು ವೇಷದವರ ಕಾಲ ಮೇಲೆ, ಬೇರೆ ಯಾವುದೂ ಬೇಡ.

ಅದಕ್ಕೇ ಈ ಕಾಗದ. ಭುಜ ಹಿಡಿದುಕೊಂಡ ಮೇಲೆ ನೀವು ಮದ್ದಳೆ ಅಟ್ಟಕ್ಕೆ ಹಾಕಿದಿರಿ. "ಇನ್ನು ಹುಡುಗರು ಬಾರಿಸಲಿ" ಅಂದಿರಿ. ಹುಡುಗರು ಬಾರಿಸಲಿ, ಒಳ್ಳೆಯದೇ. ಆದರೆ ನಿಮ್ಮ ಕೈಯ ನಡೆ ಅವರು ಎಲ್ಲಿಂದ ಕಲಿಯಬೇಕು? ಕೆರೆಮನೆಯಲ್ಲಿ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಮೇಳ ಶಂಭು ಹೆಗಡೆಯವರಿಗೆ ಬಂದು, ಅವರಿಂದ ಶಿವಾನಂದ ಹೆಗಡೆಯವರಿಗೆ ಬಂದಿದ್ದು ಹಿರಿಯರು ರಂಗಸ್ಥಳದಲ್ಲಿ ಇದ್ದಾಗಲೇ ಅಲ್ವಾ ಅಪ್ಪ?

ನಿಮ್ಮ ಭುಜದ ರಿಪೋರ್ಟು ನಾನು ನೋಡಿದ್ದೇನೆ. ಈ ಥರ ಬಿಗಿದ ಭುಜ ನಿಧಾನಕ್ಕೆ ಸಡಿಲವಾಗುತ್ತದೆ, ಆದರೆ ಕೈ ಆಡಿಸುತ್ತಿರಬೇಕು. ಗೋಡೆಗೆ ಬೆರಳಿಟ್ಟು ಮೇಲೆ ಹತ್ತಿಸುವುದನ್ನು ಬೆಳಿಗ್ಗೆ, ಸಂಜೆ ಮಾಡಿ. ಬಿಸಿನೀರಿನ ಸ್ನಾನ ಆದ ಮೇಲೆ ಮಾಡಿದರೆ ನೋವು ಕಮ್ಮಿ. ಮದ್ದಳೆಗೆ ಕೈಯನ್ನು ತಲೆಯ ಮೇಲೆ ಎತ್ತುವ ಕೆಲಸವೇ ಇಲ್ಲ. ರಾತ್ರಿಯಿಡೀ ಆಟ ಬೇಡ. ಮಳೆಗಾಲದಲ್ಲಿ ತಾಳಮದ್ದಳೆ ನಡೆಯುತ್ತದಲ್ಲ, ಒಂದು ಪ್ರಸಂಗದ ಅರ್ಧಕ್ಕೆ ಕೂತರೂ ಸಾಕು. ಜೋರು ನಡೆ ಬಂದಾಗ ಪಕ್ಕದ ಹುಡುಗನಿಗೆ ಕೊಡಿ. ವಿಳಂಬ ನೀವು ಬಾರಿಸಿ. ಅದು ನಿಮ್ಮಷ್ಟು ಚಂದ ಊರಲ್ಲಿ ಯಾರಿಗೂ ಬರುವುದಿಲ್ಲ.

ತಮ್ಮನ ಖಾತೆಗೆ ದುಡ್ಡು ಹಾಕಿದ್ದೇನೆ. ಮಳೆಗೆ ಮದ್ದಳೆಯ ಚರ್ಮ ಸಡಿಲಾಗಿರುತ್ತದೆ, ಮುಚ್ಚಿಗೆ ಹೊಸದೇ ಹಾಕಿಸಲಿ. ಚೌತಿ ಸೆಪ್ಟೆಂಬರ್ 7ಕ್ಕೆ ಇದೆ, ಅದಕ್ಕಿಂತ ಮೊದಲೇ ಆಗಬೇಕು. ಆಯಿ, ಅಟ್ಟದಿಂದ ಇಳಿಸುವಾಗ ಅಪ್ಪನ ಕೈಯಲ್ಲಿ ಎತ್ತಿಸಬೇಡ, ತಮ್ಮನಿಗೆ ಹೇಳು. ಬಾರಿಸಿದ ದಿನ ವಿಡಿಯೊ ಮಾಡಿ ಕಳಿಸು. ಮುಖಕ್ಕಿಂತ ಕೈ ಸರಿಯಾಗಿ ಕಾಣಲಿ. ಭುಜ ಎಷ್ಟು ಆಡುತ್ತಿದೆ ಅಂತ ನಾನು ನೋಡಬೇಕು.

ನಿಮ್ಮ ಪ್ರೀತಿಯ ಮಗಳು